ಕೆಂಡಕ್ಕೆ ಯಾವ ಜಾತಿ?



*ಇಂದಿನ ಧಮ್ಮ ಚಿಂತನೆ*



ಮಳೆ ಹಿಡಿಯಿತೆಂದರೆ ಬಸ್ ಸ್ಟ್ಯಾಂಡ್ ಎದುರು ಸುಟ್ಟ ಮುಸುಕಿನ ಜೋಳದ ಘಮ ಏಳುತ್ತದೆ. ನಮ್ಮ ಬಳಗದ ಅಕ್ಕ ಒಬ್ಬರು ಅಲ್ಲೇ ತಳ್ಳುಗಾಡಿ ನಿಲ್ಲಿಸುತ್ತಾರೆ. ಸಿಪ್ಪೆ ಸುಲಿದ ತೆನೆಯನ್ನು ಇದ್ದಿಲ ಕೆಂಡದ ಮೇಲಿಟ್ಟು, ಒಂದು ಕೈಯಲ್ಲಿ ಗಾಳಿ ಬೀಸುತ್ತಾ ಇನ್ನೊಂದು ಕೈಯಲ್ಲಿ ತಿರುಗಿಸುತ್ತಾ ಇರಬೇಕು. ಗಮನ ಸ್ವಲ್ಪ ತಪ್ಪಿದರೂ ಒಂದು ಮಗ್ಗುಲು ಕರಕಲು, ಇನ್ನೊಂದು ಹಸಿ. ಕಾಳು ಚಟಪಟ ಎಂದ ಮೇಲೆ ಅರ್ಧ ನಿಂಬೆಹಣ್ಣನ್ನು ಉಪ್ಪು ಖಾರದಲ್ಲಿ ಅದ್ದಿ ಉಜ್ಜಿ ಕೊಡುತ್ತಾರೆ. ಯಾರಿಗೂ ಕೇಡಿಲ್ಲದ ದುಡಿಮೆ. ಸಮ್ಮಾ ಆಜೀವ ಎಂದರೆ ಇದೇ.

ಕಳೆದ ವಾರ ವಂದನೆ ಮುಗಿದ ಮೇಲೆ ಅವರು ಮೆಲ್ಲಗೆ ಕೇಳಿದರು: "ಅಣ್ಣಾ, ತೆನೆ ಕೆಂಡದ ಮೇಲಿದ್ದಾಗ ಗಿರಾಕಿಯೊಬ್ರು 'ನಿಮ್ದು ಯಾವ ಜನಾನಮ್ಮಾ' ಅಂದ್ರು. ಭಯ ಆಯ್ತು. ಬೇರೆ ಜಾತಿ ಹೆಸರು ಹೇಳ್ಬಿಟ್ಟೆ. ನಾಲ್ಕನೇ ಶೀಲ ಮುರಿದಂಗಲ್ವಾ?"

ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಇಂದು ಅದನ್ನೇ ಚಿಂತಿಸೋಣ.

*ಬುದ್ಧರ ಪ್ರಶ್ನೆ*
ಮಜ್ಝಿಮ ನಿಕಾಯದಲ್ಲಿ ಅಸ್ಸಲಾಯನ ಸುತ್ತವಿದೆ. ಬ್ರಾಹ್ಮಣರೇ ಶ್ರೇಷ್ಠರೆಂದು ವಾದಿಸಲು ಅಸ್ಸಲಾಯನ ಎಂಬ 16 ವರ್ಷದ ಬ್ರಾಹ್ಮಣ ತರುಣ ಶ್ರಾವಸ್ತಿಯಲ್ಲಿ ಬುದ್ಧರ ಮುಂದೆ ಬರುತ್ತಾನೆ. ಬುದ್ಧರು ಅವನಿಗೆ ಬೆಂಕಿಯ ಉದಾಹರಣೆ ಕೊಡುತ್ತಾರೆ. ಮೇಲಿನವರೆನಿಸಿಕೊಂಡವರು ಶ್ರೀಗಂಧದಂಥ ಕಟ್ಟಿಗೆ ಕಡೆದು ಬೆಂಕಿ ಹೊತ್ತಿಸಲಿ. ಚಂಡಾಲರೆನಿಸಿಕೊಂಡವರು ಹಂದಿ ತೊಟ್ಟಿಯ ಮರದಿಂದಲೋ ಹರಳು ಗಿಡದ ಕಡ್ಡಿಯಿಂದಲೋ ಹೊತ್ತಿಸಲಿ. ಎರಡನೆಯ ಬೆಂಕಿಗೆ ಜ್ವಾಲೆ ಇರುವುದಿಲ್ಲವೇ? ಅದು ಬೆಂಕಿಯ ಕೆಲಸ ಮಾಡುವುದಿಲ್ಲವೇ? ಎರಡೂ ಒಂದೇ ಎಂದು ಆ ತರುಣ ಒಪ್ಪಲೇಬೇಕಾಯಿತು. ಕೊನೆಗೆ ಅವನು ಉಪಾಸಕನಾದ.

ಅಕ್ಕನ ಕೆಂಡವೂ ಅದೇ ಬೆಂಕಿ. ಜೋಳ ಬೆಂದಿದೆಯೇ ಎಂದು ಗಿರಾಕಿ ಕೇಳಬಹುದು. ಜಾತಿ ಕೇಳಿದರೆ ತೆನೆಯ ಬಗ್ಗೆ ಅವರಿಗೆ ಏನೂ ತಿಳಿಯುವುದಿಲ್ಲ.

*ಬಾಬಾಸಾಹೇಬರ ಬದುಕು*
ವಿದೇಶದಲ್ಲಿ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ವಸತಿಗೃಹದಲ್ಲಿ ಉಳಿದರು. 11ನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಮುಂದೆ ಅವರು ಇದನ್ನು ಮುಚ್ಚಿಡದೆ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ತಾವೇ ದಾಖಲಿಸಿದರು. ಹೆಸರು ಮರೆಸುವಂತೆ ಮಾಡಿದ ವ್ಯವಸ್ಥೆಯನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರು.

*ನಮಗೇನು ಪಾಠ?*
ಅಕ್ಕ ಹೇಳಿದ್ದು ಸುಳ್ಳೇ, ಅದನ್ನು ನಿಜವೆನ್ನುವುದು ಬೇಡ. ಆದರೆ ಶೀಲ ಎಂದರೆ ದೇವರ ಕಟ್ಟಳೆಯಲ್ಲ, ಶಿಕ್ಷಾಪದ, ಅಂದರೆ ಅಭ್ಯಾಸ. ತಪ್ಪಿದ್ದನ್ನು ತಾನೇ ಬಾಯಿಬಿಟ್ಟು ಹೇಳಿದ ಕ್ಷಣವೇ ಅವರು ಮತ್ತೆ ಅಭ್ಯಾಸಕ್ಕೆ ಮರಳಿದ್ದಾರೆ. ಬಾಡಿಗೆ ಮನೆ ಹುಡುಕುವಾಗ ಇದೇ ಪ್ರಶ್ನೆಗೆ ನಮ್ಮಲ್ಲಿ ಎಷ್ಟು ಜನ ತೊದಲಿಲ್ಲ? ಅವರನ್ನು ತೂಗುವ ಮೊದಲು ಅದನ್ನು ನೆನೆಯೋಣ.

ಮುಂದಿನ ಸಲ "ನಾವು ಬೌದ್ಧರು" ಎನ್ನಬಹುದು. "ಜೋಳದ ರುಚಿ ನೋಡಿ ಸ್ವಾಮಿ, ಜಾತಿ ಯಾಕೆ" ಎಂದೂ ಅನ್ನಬಹುದು. ಯಾವಾಗ ಏನು ಹೇಳಬೇಕೆಂದು ಅವರೇ ತೀರ್ಮಾನಿಸಲಿ, ಏಕೆಂದರೆ ಅಂದಿನ ಸಂಪಾದನೆ ಹೋದರೆ ಹೋಗುವುದು ಅವರದು. ನಮ್ಮ ಪಾಲಿನ ಕೆಲಸ ಬೇರೆ ಇದೆ. ಕೇಳಿದವರು ತೆನೆ ಬಿಟ್ಟು ಹೋದರೆ ಅದನ್ನು ಕೊಳ್ಳಲು ನಾವು ಅಲ್ಲಿ ನಿಂತಿರಬೇಕು. ಒಬ್ಬರೇ ನಿಜ ಹೇಳುವುದು ಕಷ್ಟ, ಜೊತೆಗೆ ಹತ್ತು ಜನರಿದ್ದರೆ ಸುಲಭ.

*ಇಂದಿನ ಅಭ್ಯಾಸ:* ಸಂಜೆ ಮನೆಗೆ ಹೋಗುವಾಗ ಅಕ್ಕನ ಗಾಡಿಯ ಬಳಿ ಹತ್ತು ನಿಮಿಷ ನಿಲ್ಲಿ. ಒಂದು ತೆನೆ ತಿನ್ನಿ, ಒಂದು ಮಕ್ಕಳಿಗೆ ಒಯ್ಯಿರಿ. ಅಸ್ಸಲಾಯನನ ಕಥೆಯನ್ನು ಅವರಿಗೂ ಹೇಳಿ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್ 💙