ಆಸ್ತಿಯ ವ್ಯವಸ್ಥೆ ಮತ್ತು ಮರಣಶಾಸನ: ರಾಯಚೂರು ಸೀಮೆಯ ಗೃಹಸ್ಥರಿಗೆ ಕೆಲವು ಸೂಚನೆಗಳು

ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಪುತ್ರನಿಗೆ ಜನ್ಮಮಾತ್ರದಿಂದಲೇ ಹಕ್ಕುಂಟೆಂಬ ಸಿದ್ಧಾಂತವನ್ನು ಸ್ಥಾಪಿಸಿ, ಭರತಖಂಡದ ಬಹುಭಾಗಕ್ಕೆ ದಾಯವಿಭಾಗದ ನಿಯಮವನ್ನು ಕೊಟ್ಟ ವಿಜ್ಞಾನೇಶ್ವರನು ತನ್ನ ಮಿತಾಕ್ಷರವನ್ನು ರಚಿಸಿದುದು ಇಂದು ನಮ್ಮ ವಿಭಾಗಕ್ಕೆ ಹೆಸರನ್ನಿತ್ತಿರುವ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಆ ಪ್ರಾಚೀನ ಧರ್ಮಶಾಸ್ತ್ರದಲ್ಲಿ ಮರಣಶಾಸನಕ್ಕೆ ಎಡೆಯಿರಲಿಲ್ಲ; ಗೃಹಸ್ಥನು ಗತಿಸಿದ ಮೇಲೆ ಆಸ್ತಿಯು ಯಾರ ಪಾಲಿಗೆ ಹೋಗಬೇಕೆಂಬುದನ್ನು ಶಾಸ್ತ್ರವೇ ನಿರ್ಣಯಿಸುತ್ತಿತ್ತು. ಇಂದಾದರೋ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವು ಆ ನಿರ್ಣಯದ ಬಹ್ವಂಶವನ್ನು ಗೃಹಸ್ಥನ ಕೈಗೇ ಒಪ್ಪಿಸಿದೆ. ತುಂಗಭದ್ರಾ ಎಡದಂಡೆಯ ಕಾಲುವೆಯಿಂದ ಮಾನ್ವಿಯ ಹೊಲಗಳೂ, ನಾರಾಯಣಪುರ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಹೊಲಗಳೂ ನೀರುಂಡು ಬೆಲೆಯೇರಿರುವ ಈ ಕಾಲದಲ್ಲಿ, ಆ ಅಧಿಕಾರವನ್ನು ವಿವೇಕದಿಂದ ಚಲಾಯಿಸದೆ ಕಣ್ಮುಚ್ಚುವುದೆಂದರೆ ಮಕ್ಕಳಿಗೆ ಆಸ್ತಿಯೊಡನೆ ವ್ಯಾಜ್ಯವನ್ನೂ ಬಿಟ್ಟುಹೋಗುವುದೆಂದೇ ಅರ್ಥ.

ಮೊದಲನೆಯ ಹೆಜ್ಜೆ: ಇರುವುದನ್ನೆಲ್ಲ ಪಟ್ಟಿಮಾಡುವುದು

ಉಯಿಲು ಬರೆಯುವುದಕ್ಕೆ ಮುನ್ನ ಸ್ಥಿರ ಚರ ಆಸ್ತಿಗಳ ಯಾದಿಯೊಂದನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು. ಹೊಲಗಳಿಗೆ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ ಮತ್ತು ಚಕ್ಕುಬಂದಿ. ಊರೊಳಗಿನ ಮನೆಗೆ ಗ್ರಾಮ ಪಂಚಾಯತಿಯ ನಮೂನೆ 9 ಮತ್ತು 11. ರಾಯಚೂರು ನಗರದ ಮನೆ ನಿವೇಶನಗಳಿಗೆ ಖಾತೆ. ಬ್ಯಾಂಕಿನ ಠೇವಣಿ, ವಿಮೆ, ಭವಿಷ್ಯನಿಧಿ, ಬಂಗಾರ. ಇವುಗಳೊಡನೆ ಸೊಸೈಟಿಯ ಬೆಳೆಸಾಲವೇ ಮೊದಲಾದ ಋಣಗಳನ್ನೂ ಮರೆಯದೆ ಬರೆಯಬೇಕು. ಪಹಣಿಯ ಹೊಸ ಪ್ರತಿಯನ್ನೂ, ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನೂ ಪಡೆದು ನೋಡಿದಾಗ, ಅಜ್ಜನ ಹೆಸರೇ ಇನ್ನೂ ದಾಖಲೆಯಲ್ಲಿ ಉಳಿದಿರುವುದು ಕಂಡುಬಂದರೆ, ಮೊದಲು ವಾರಸಾ ಖಾತೆಯನ್ನು ಮಾಡಿಸಿಕೊಂಡು, ಬಳಿಕ ಉಯಿಲಿನ ವಿಚಾರಕ್ಕೆ ಬರುವುದು ಕ್ಷೇಮ.

ಎರಡನೆಯ ಹೆಜ್ಜೆ: ತನ್ನದಾವುದೆಂದು ನಿರ್ಣಯಿಸುವುದು

ತನ್ನದಲ್ಲದುದನ್ನು ಉಯಿಲಿನಿಂದ ಕೊಡಲು ಯಾರಿಗೂ ಅಧಿಕಾರವಿಲ್ಲ. ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ಗೃಹಸ್ಥನು ತನ್ನ ಇಷ್ಟದಂತೆ ಯಾರಿಗೆ ಬೇಕಾದರೂ ಬರೆದಿಡಬಹುದು; ಪಿತ್ರಾರ್ಜಿತವಾದ ಅವಿಭಕ್ತ ಆಸ್ತಿಯಲ್ಲಿಯಾದರೆ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 30ನೆಯ ಪ್ರಕರಣದಂತೆ, ತನ್ನ ಪಾಲಿನ ಮಟ್ಟಿಗೆ ಮಾತ್ರ ಬರೆಯಬಹುದು. ಆ ಪಾಲನ್ನು ಎಣಿಸುವಾಗ ಹೆಣ್ಣುಮಕ್ಕಳನ್ನು ಬಿಟ್ಟು ಎಣಿಸಲಾಗದು: 2005ರ ಸೆಪ್ಟೆಂಬರ್ 9ರಿಂದ ಮಗಳೂ ಮಗನಂತೆಯೇ ಜನ್ಮದಿಂದ ಸಹದಾಯಾದಳು, ತಂದೆ ಆ ದಿನಕ್ಕೆ ಮುಂಚೆ ತೀರಿಕೊಂಡಿದ್ದರೂ ಈ ಹಕ್ಕಿಗೆ ಬಾಧೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪಿತ್ತಿದೆ.

ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಮೂರು ಸಂಗತಿಗಳುಂಟು. ಹಿಂದೂ ಉತ್ತರಾಧಿಕಾರ ಅಧಿನಿಯಮವು, ಕೇಂದ್ರ ಸರ್ಕಾರವು ಬೇರೆ ರೀತಿ ಅಧಿಸೂಚಿಸಿದ ಹೊರತು, ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲವೆಂದು ಅದರ 2ನೆಯ ಪ್ರಕರಣವೇ ಹೇಳುತ್ತದೆ. ಆದುದರಿಂದ ದೇವದುರ್ಗ, ಮಾನ್ವಿಗಳಲ್ಲಿ ಬಹುಸಂಖ್ಯೆಯಲ್ಲಿರುವ ನಾಯಕ ಸಮುದಾಯದ ತಂದೆತಾಯಿಗಳು ಮಗಳಿಗೂ ಹೊಲದ ಪಾಲು ಸಲ್ಲಬೇಕೆಂದು ಬಯಸುವುದಾದರೆ, ಆ ಬಯಕೆಯನ್ನು ಕಾನೂನಿನ ಊಹೆಗೆ ಬಿಡದೆ ಸ್ಪಷ್ಟವಾದ ಉಯಿಲಿನಲ್ಲಿ ಬರೆದಿಡುವುದು ಅತ್ಯಾವಶ್ಯಕ. ಎರಡನೆಯದಾಗಿ, ಸರ್ಕಾರದಿಂದ ಮಂಜೂರಾದ ಜಮೀನುಗಳಿಗೂ, ಭೂಸುಧಾರಣೆಯಿಂದ ಬಂದ ಗೇಣಿಯ ಜಮೀನುಗಳಿಗೂ ಪ್ರತ್ಯೇಕ ನಿರ್ಬಂಧಗಳಿವೆ. ಗೇಣಿಹಕ್ಕನ್ನು ಕುಟುಂಬದ ಹೊರಗಿನವರಿಗೆ ಉಯಿಲಿನಿಂದ ಕೊಡುವುದು ಸಲ್ಲದೆಂದು ಜಮಖಂಡಿಯ ಭೂನ್ಯಾಯಮಂಡಳಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ನಿರ್ಣಯಿಸಿದೆ. ಇಂಥ ಜಮೀನುಳ್ಳವರು ಮಂಜೂರಾತಿಯ ಮೂಲಪತ್ರವನ್ನು ವಕೀಲರಿಗೆ ತೋರಿಸದೆ ಮುಂದುವರಿಯಬಾರದು. ಮೂರನೆಯದಾಗಿ, ಮುಸಲ್ಮಾನ ಬಾಂಧವರಿಗೆ ಅವರ ಶರೀಯತ್ತಿನ ನಿಯಮವೇ ಪ್ರಮಾಣ: ಅಂತ್ಯಸಂಸ್ಕಾರದ ವೆಚ್ಚವೂ ಸಾಲವೂ ಕಳೆದು ಉಳಿದುದರಲ್ಲಿ ಮೂರನೆಯ ಒಂದು ಭಾಗದವರೆಗೆ ಮಾತ್ರ ವಸೀಯತ್ತು ಮಾಡಬಹುದು, ಹನಫೀ ಪದ್ಧತಿಯಲ್ಲಿ ವಾರಸುದಾರನೊಬ್ಬನಿಗೇ ಬರೆದುದಾದರೆ, ಮರಣಾನಂತರ ಉಳಿದ ವಾರಸುದಾರರ ಸಮ್ಮತಿ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ನಾಮನಿರ್ದೇಶನವನ್ನು ಸರಿಪಡಿಸುವುದು

ಬ್ಯಾಂಕಿನಲ್ಲಿ ನಾಮಿನಿಯೆಂದು ಹೆಸರಿಸಲ್ಪಟ್ಟವನೇ ಹಣದ ಒಡೆಯನೆಂಬ ನಂಬಿಕೆ ಸರ್ವತ್ರ ಹರಡಿದೆ. ಸಾಮಾನ್ಯವಾಗಿ ಅವನು ಹಣವನ್ನು ಸ್ವೀಕರಿಸಿ ವಾರಸುದಾರರಿಗೆ ಒಪ್ಪಿಸತಕ್ಕ ಪ್ರತಿನಿಧಿ ಮಾತ್ರ. ಕಂಪೆನಿಯ ಷೇರುಗಳ ವಿಷಯದಲ್ಲಿಯೂ ಇದೇ ನ್ಯಾಯವೆಂದು 2023ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ಬಳಿಕ, ನಾಮಿನಿಯಾಗಿರುವ ತಂದೆ, ತಾಯಿ, ಪತಿ, ಪತ್ನಿ, ಮಕ್ಕಳಿಗೆ ಹಣದ ಮೇಲೆ ಸ್ವಂತ ಹಕ್ಕುಂಟು. 2025ರ ನವೆಂಬರ್ 1ರಿಂದ ಬ್ಯಾಂಕಿನ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ. ನಾಮಿನಿಯ ಹೆಸರೂ ಉಯಿಲಿನ ಮಾತೂ ಒಂದಕ್ಕೊಂದು ಹೊಂದುವಂತೆ ನೋಡಿಕೊಂಡರೆ, ಶಕ್ತಿನಗರದ ಅಥವಾ ಹಟ್ಟಿಯ ನೌಕರನ ಮನೆಯಲ್ಲಿ ಮುಂದೆ ಏಳಬಹುದಾದ ಜಗಳವೊಂದು ಇಂದೇ ಅಡಗುತ್ತದೆ.

ನಾಲ್ಕನೆಯ ಹೆಜ್ಜೆ: ಬರೆಯುವುದು

ಪ್ರಾಪ್ತವಯಸ್ಕನಾಗಿ ಸ್ವಸ್ಥಚಿತ್ತನಾಗಿರುವ ಯಾವನೂ, ಯಾವಳೂ ಉಯಿಲು ಬರೆಯಬಹುದು. ಛಾಪಾಕಾಗದ ಬೇಕಿಲ್ಲ, ಮುದ್ರಾಂಕಶುಲ್ಕವಿಲ್ಲ. ಬಿಳಿಯ ಹಾಳೆ, ತಿಳಿಗನ್ನಡ ಇಷ್ಟೇ ಸಾಕು. ಹೆಸರು, ವಯಸ್ಸು, ವಿಳಾಸ, ದಿನಾಂಕಗಳನ್ನು ಬರೆದು, ಹಿಂದಿನ ಉಯಿಲುಗಳನ್ನೆಲ್ಲ ರದ್ದುಪಡಿಸಿದ್ದೇನೆಂದು ಹೇಳಿ, ಯಾವ ಆಸ್ತಿ ಯಾರಿಗೆಂಬುದನ್ನು ಸರ್ವೆ ನಂಬರು ಸಹಿತವಾಗಿ ನಮೂದಿಸಿ, ಪಟ್ಟಿಯಲ್ಲಿ ಬಿಟ್ಟುಹೋದ ಹಾಗೂ ಮುಂದೆ ಗಳಿಸಬಹುದಾದ ಆಸ್ತಿಯು ಯಾರಿಗೆ ಸಲ್ಲಬೇಕೆಂಬುದನ್ನೂ, ಪಡೆಯಬೇಕಾದವನು ತನಗಿಂತ ಮುಂಚೆ ತೀರಿಕೊಂಡರೆ ಏನಾಗಬೇಕೆಂಬುದನ್ನೂ ತಿಳಿಸಬೇಕು. ಇದನ್ನೆಲ್ಲ ನಡೆಸಿಕೊಡಲು ವಿಶ್ವಾಸಾರ್ಹನಾದ ಒಬ್ಬ ನಿರ್ವಾಹಕನನ್ನು ನೇಮಿಸಬೇಕು. ಒಬ್ಬ ಮಗನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಎಂದಾದಲ್ಲಿ ಅದರ ಕಾರಣವನ್ನು ಎರಡು ಮಾತಿನಲ್ಲಿ ಸೌಮ್ಯವಾಗಿ ಬರೆಯುವುದು ಒಳ್ಳೆಯದು. ಹೆಂಡತಿಯು ಕೊನೆಯವರೆಗೂ ವಾಸಿಸತಕ್ಕ ಮನೆ ಯಾವುದು, ಅವಳ ಜೀವನಕ್ಕೆ ಆಧಾರವೇನು ಎಂಬುದನ್ನು ಮರೆತ ಉಯಿಲು, ಕಾನೂನಿನಲ್ಲಿ ನಿಂತರೂ ಧರ್ಮದಲ್ಲಿ ನಿಲ್ಲದು.

ಐದನೆಯ ಹೆಜ್ಜೆ: ಸಹಿ ಮತ್ತು ಸಾಕ್ಷಿ

ಉಯಿಲಿನ ಪ್ರಾಣವಿರುವುದು ಇಲ್ಲಿ. 1925ರ ಅಧಿನಿಯಮದ 63ನೆಯ ಪ್ರಕರಣದಂತೆ ಬರೆಯಿಸಿದವನು ಸಹಿಯನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಹಾಕಬೇಕು. ಕನಿಷ್ಠಪಕ್ಷ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡು, ಇಲ್ಲವೆ ಇದು ನನ್ನ ಗುರುತೆಂದು ಅವನ ಬಾಯಿಂದಲೇ ಕೇಳಿ, ಅವನ ಸಮಕ್ಷಮದಲ್ಲಿ ತಾವು ಸಹಿ ಮಾಡಬೇಕು. ಅಕ್ಷರ ಬಾರದವರಾದರೆ, ಬರೆದುದನ್ನು ಓದಿ ಹೇಳಿ ಅವರಿಗೆ ತಿಳಿಯಿತೆಂಬ ಒಕ್ಕಣೆಯನ್ನು ಬಿಕ್ಕಲಂದಾರನು ಸೇರಿಸಿ ತನ್ನ ಸಹಿಯನ್ನೂ ಹಾಕತಕ್ಕದ್ದು. ಆಸ್ತಿ ಪಡೆಯುವವರನ್ನೂ ಅವರ ಪತಿಪತ್ನಿಯರನ್ನೂ ಸಾಕ್ಷಿಗಳನ್ನಾಗಿ ಮಾಡಬಾರದು. ಕ್ರೈಸ್ತರ ವಿಷಯದಲ್ಲಿ ಇದರಿಂದ ಅವರಿಗೆ ಬರೆದ ಭಾಗವೇ ಅನೂರ್ಜಿತವಾಗುತ್ತದೆ, ಹಿಂದೂಗಳ ವಿಷಯದಲ್ಲಿ ಸಂಶಯಕ್ಕೆ ಆಸ್ಪದವಾಗುತ್ತದೆ. ಮುಂದೆ ವಿವಾದವಾದಾಗ ಬದುಕಿರುವ ಸಾಕ್ಷಿಗಳಲ್ಲೊಬ್ಬನಾದರೂ ನ್ಯಾಯಾಲಯದಲ್ಲಿ ನುಡಿಯಬೇಕಾಗುವುದರಿಂದ, ತನಗಿಂತ ಕಿರಿಯರಾಗಿ, ಬೆಂಗಳೂರಿಗೆ ಗುಳೆ ಹೋಗದೆ ಊರಿನಲ್ಲಿ ನೆಲೆನಿಂತವರನ್ನು ಆರಿಸಿಕೊಳ್ಳುವುದು ಲೇಸು.

ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಅವರ ವ್ಯಾಜ್ಯದಲ್ಲಿ 1958ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ಗಜೇಂದ್ರಗಡಕರರು ವಿವರಿಸಿದ ತತ್ತ್ವವು ಇಂದಿಗೂ ದೇಶದ ನ್ಯಾಯಾಲಯಗಳಿಗೆ ಮಾರ್ಗದರ್ಶಕವಾಗಿದೆ: ಉಯಿಲನ್ನು ಮುಂದಿಡುವವನೇ ಅದರ ಸುತ್ತಣ ಸಂಶಯಗಳನ್ನು ನಿವಾರಿಸಬೇಕು. ನಡುಗುವ ಸಹಿ, ದುರ್ಬಲವಾದ ಚಿತ್ತ, ಸಮೀಪದ ಬಂಧುಗಳನ್ನು ಕಾರಣವಿಲ್ಲದೆ ಕೈಬಿಟ್ಟಿರುವುದು, ಲಾಭ ಪಡೆಯುವವನೇ ಮುಂದೆ ನಿಂತು ಬರೆಯಿಸಿರುವುದು, ಇವೇ ಆ ಸಂಶಯಗಳು. ಆದುದರಿಂದ ಆರೋಗ್ಯವಿರುವಾಗಲೇ ಬರೆಯಬೇಕು; ವೃದ್ಧಾಪ್ಯದಲ್ಲಾದರೆ ಅಂದಿನ ದಿನವೇ ವೈದ್ಯರ ಪ್ರಮಾಣಪತ್ರವನ್ನು ಪಡೆದಿಡಬೇಕು.

ಆರನೆಯ ಹೆಜ್ಜೆ: ನೋಂದಣಿ ಮತ್ತು ರಕ್ಷಣೆ

ಉಯಿಲಿನ ನೋಂದಣಿ ಕಡ್ಡಾಯವಲ್ಲ, ಅದಕ್ಕೆ ಕಾಲದ ಮಿತಿಯೂ ಇಲ್ಲ. ಆದರೂ ರಾಯಚೂರು, ದೇವದುರ್ಗ, ಮಾನ್ವಿಗಳ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅದನ್ನು ಮಾಡಿಸುವುದರಿಂದ ಕಳವು, ತಿದ್ದುವಿಕೆಗಳ ಭಯ ತಪ್ಪುತ್ತದೆ. ಬರೆಯಿಸಿದವನು ಬದುಕಿರುವವರೆಗೆ ಅವನಿಗೂ ಅವನ ಪ್ರತಿನಿಧಿಗೂ ಹೊರತು ಅನ್ಯರಿಗೆ ಅದರ ನಕಲು ದೊರೆಯದು. ಹಾಸಿಗೆ ಹಿಡಿದವರ ಮನೆಗೇ ಅಧಿಕಾರಿಯು ಬರಲು ವಿಶೇಷ ಕಾರಣದ ಮೇಲೆ ಅವಕಾಶವಿದೆ. ವಿಷಯವು ಗುಪ್ತವಾಗಿಯೇ ಇರಬೇಕೆನ್ನುವವರು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಬಹುದು. ಉಯಿಲನ್ನು ಜೀವಿತಾವಧಿಯಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಪ್ರಮಾಣ. ದಾನಪತ್ರದಂತಲ್ಲದೆ, ಉಯಿಲು ಬರೆದವನು ಕಡೆಯ ಉಸಿರಿನವರೆಗೂ ತನ್ನ ಆಸ್ತಿಗೆ ತಾನೇ ಒಡೆಯನಾಗಿರುತ್ತಾನೆ ಎಂಬುದನ್ನು ಮಕ್ಕಳ ಒತ್ತಾಯಕ್ಕೆ ಮಣಿಯುವ ಹಿರಿಯರು ನೆನಪಿಡಬೇಕು.

ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಲ್ಪ ಆದಾಯದವರಿಗೂ ಉಚಿತ ನೆರವುಂಟು. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೂ ತಾಲ್ಲೂಕಿನ ಸಮಿತಿಗಳನ್ನೂ ನಿಸ್ಸಂಕೋಚವಾಗಿ ಕಾಣಬಹುದು. ಈ ಲೇಖನವನ್ನು ಓದಿದ ಹಿರಿಯರು ಈ ವಾರದಲ್ಲಿಯೇ ಪಹಣಿಯ ಪ್ರತಿಯನ್ನು ತೆಗೆಸಿ, ಯಾದಿಯನ್ನು ಬರೆಯಲು ಕುಳಿತುಕೊಳ್ಳಲೆಂದು ನನ್ನ ಪ್ರಾರ್ಥನೆ.