ಹೆಬ್ಬೆರಳ ಬುಡದ ಗಂಟು: ತಪ್ಪು ಗಂಬೂಟಿನದೋ, ಅಜ್ಜಿಯದೋ?

ಪ್ರಶ್ನೆ: ಕೊಪ್ಪ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ನನಗೀಗ ನಲವತ್ತೆಂಟು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದಿದೆ, ಬೆರಳು ಪಕ್ಕದ ಬೆರಳಿನತ್ತ ವಾಲಿದೆ. ಮಳೆಗಾಲದಲ್ಲಿ ಗಂಬೂಟು ಹಾಕಿದರೆ ಸಂಜೆಗೆ ಕೆಂಪಾಗಿ ನೋಯುತ್ತದೆ. ಎಣ್ಣೆ ತಿಕ್ಕಿದ್ದಾಯಿತು, ನಂಜೆಂದು ಬದನೆಕಾಯಿ ಬಿಟ್ಟಿದ್ದೂ ಆಯಿತು. ಎಲ್ಲರೂ ಬೂಟನ್ನೇ ದೂರುತ್ತಾರೆ. ಆದರೆ ಚಪ್ಪಲಿಯನ್ನೇ ಮೆಟ್ಟದ ನನ್ನಜ್ಜಿಗೂ ಇಂಥದೇ ಗಂಟಿತ್ತಲ್ಲ? ಇದನ್ನು ಕರಗಿಸಬಹುದೇ?

ಉತ್ತರ: ಕರಗಿಸಲಾಗದು. ನಿಮ್ಮ ವಿವರಣೆ ಬನಿಯನ್ (bunion) ಎಂಬ ಪಾದದ ತೊಂದರೆಗೆ ಹೊಂದುತ್ತದೆ. ವೈದ್ಯರ ಚೀಟಿಯಲ್ಲಿ ಇದು ಹ್ಯಾಲಕ್ಸ್ ವಾಲ್ಗಸ್. ಅಲ್ಲಿ ಹೊಸ ಮೂಳೆ ಗುಡ್ಡೆ ಬಿದ್ದಿರುವುದು ಕಡಿಮೆ, ಇದ್ದ ಮೂಳೆಗಳೇ ಜಾಗ ಬಿಟ್ಟಿವೆ. ಹೆಬ್ಬೆರಳಿನ ಹಿಂದಿರುವ ಪಾದದ ಉದ್ದ ಮೂಳೆ ಇನ್ನೊಂದು ಕಾಲಿನ ಕಡೆಗೆ ಸರಿಯುತ್ತದೆ, ಬೆರಳು ಎದುರು ದಿಕ್ಕಿಗೆ ವಾಲುತ್ತದೆ. ಎರಡೂ ಸೇರುವ ಕೀಲು ಹೊರಗೆ ಚಾಚಿ ಗಂಟಿನಂತೆ ಕಾಣುತ್ತದೆ. ಅದರ ಮೇಲಿನ ಚರ್ಮಕ್ಕೆ ಬೂಟು ತಿಕ್ಕಿದಾಗ ಒಳಗಿನ ಪುಟ್ಟ ದ್ರವಚೀಲ ಊದಿಕೊಳ್ಳುತ್ತದೆ. ಸಂಜೆಯ ಕೆಂಪು ಅದರದು. ಪಾಪ, ಬದನೆಕಾಯಿಗೆ ಇದರಲ್ಲಿ ಪಾತ್ರವಿಲ್ಲ.

ಅಜ್ಜಿಯ ಮಾತು ಎತ್ತಿದ್ದು ಒಳ್ಳೆಯದಾಯಿತು. 1958ರಲ್ಲಿ ಹಾಂಗ್‌ಕಾಂಗಿನ ಇಬ್ಬರು ವೈದ್ಯರು ಬರಿಗಾಲಿನವರ ಮತ್ತು ಬೂಟು ಹಾಕುವವರ ಪಾದಗಳನ್ನು ಹೋಲಿಸಿ ನೋಡಿದ್ದರು. ಬೂಟಿನವರಲ್ಲಿ ನೂರಕ್ಕೆ 33 ಮಂದಿಗೆ ಈ ವಾಲು ಇತ್ತು, ಬರಿಗಾಲಿನವರಲ್ಲಿ 1.9 ಮಂದಿಗೆ ಮಾತ್ರ. ನಿಮ್ಮಜ್ಜಿ ಆ ಚಿಕ್ಕ ಗುಂಪಿಗೆ ಸೇರಿದವರು. ಪಾದದ ಮೂಳೆ, ಕೀಲುಗಳ ವಿನ್ಯಾಸ ಮನೆತನದಲ್ಲಿ ಇಳಿದು ಬರುತ್ತದೆ. ಇಕ್ಕಟ್ಟಾದ ಬೂಟು ಅದನ್ನು ಬೇಗ ಬೆಳೆಸುತ್ತದೆ, ನೋಯಿಸುತ್ತದೆ. ಹೆಂಗಸರಲ್ಲಿ ಇದು ಹೆಚ್ಚು.

ನಮ್ಮ ಘಟ್ಟದ ಕೆಳಗಿನ ಮಣಿಪಾಲದಿಂದಲೂ ಇದಕ್ಕೆ ಹತ್ತಿರದ ಸಾಕ್ಷಿಯಿದೆ. ಅಲ್ಲಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2300 ಮಕ್ಕಳ ಪಾದದಚ್ಚು ನೋಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದರಕ್ಷೆ ಹಾಕುವವರಲ್ಲಿ ಶೇಕಡ 8.6, ಬರಿಗಾಲಿನವರಲ್ಲಿ ಶೇಕಡ 2.8 ಮಕ್ಕಳಿಗೆ ಚಪ್ಪಟೆ ಪಾದವಿತ್ತು. ಮುಚ್ಚಿದ ಬೂಟಿನವರಲ್ಲೇ ಹೆಚ್ಚು. ಅದು ಗಂಟಿನ ಅಧ್ಯಯನವಲ್ಲ, ನಿಜ. ಆದರೂ ಮನೆಯ ಮಕ್ಕಳಿಗೆ ಶಾಲೆಯ ಬೂಟು ಕೊಳ್ಳುವಾಗ ನನಗಂತೂ ಅದು ನೆನಪಾಗುತ್ತದೆ.

ಹಾಗೆಂದು ಗಂಬೂಟು ಬಿಡಿ ಎನ್ನಲಾರೆ. ಉಂಬಳ, ಹಾವು, ಕೆಸರಿನ ನಡುವೆ ಬರಿಗಾಲಲ್ಲಿ ತೋಟಕ್ಕಿಳಿಯಿರಿ ಎಂದು ಹೇಳುವವರು ಶೃಂಗೇರಿಯ ಮಳೆ ಕಂಡವರಲ್ಲ. ಸಂಜೆ, ಕಾಲು ತುಸು ಊದಿರುವ ಹೊತ್ತಿನಲ್ಲಿ ಕಾಗದದ ಮೇಲೆ ನಿಂತು ಪಾದದ ಗೆರೆ ಎಳೆಸಿಕೊಳ್ಳಿ. ಆ ಆಕಾರವನ್ನು ಕತ್ತರಿಸಿ ಬೂಟಿನೊಳಗೆ ಇಡಿ. ಅಂಚು ಮಡಚಿದರೆ ಬೂಟು ನಿಮ್ಮದಲ್ಲ. ಉದ್ದ ಸರಿಯಿದ್ದೂ ಮುಂಭಾಗ ಕಿರಿದಾಗಿರುವುದೇ ಸಾಮಾನ್ಯ ತೊಂದರೆ. ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹವಾಯಿ ಚಪ್ಪಲಿ ಗಂಟನ್ನು ಹಿಂಡುವುದಿಲ್ಲ, ಆದರೆ ಅದರ ಪಟ್ಟಿ ಗಂಟಿನ ಮೇಲೇ ಹಾದುಹೋದರೆ ತಿಕ್ಕುತ್ತದೆ. ಎರಡನೇ ಬೆರಳು ಊದುತ್ತಿದ್ದರೆ ಕಾಲುಂಗುರ ಸಿಕ್ಕಿಕೊಳ್ಳುವ ಮೊದಲೇ ತೆಗೆದಿಡಿ.

ಗಂಟಿನ ಮೇಲೆ ಮೆತ್ತನೆಯ ಪ್ಯಾಡ್, ಕೆಲಸದ ನಂತರ ಬಟ್ಟೆಯಲ್ಲಿ ಸುತ್ತಿದ ಐಸು, ಬೆರಳ ಸಂದಿಗೆ ಸಿಲಿಕೋನ್ ತುಂಡು, ಇವು ನೋವು ತಗ್ಗಿಸಬಹುದು. ರಾತ್ರಿ ಕಟ್ಟಿಕೊಂಡರೆ ಬೆರಳು ನೇರವಾಗುತ್ತದೆಂದು ಮಾರುವ ಪಟ್ಟಿಗಳಿಗೆ ದುಡ್ಡು ಸುರಿಯಬೇಡಿ. ಬಲಿತ ವಾಲನ್ನು ಅವು ತಿದ್ದುವುದಿಲ್ಲ.

ಕೆಲವು ಲಕ್ಷಣಗಳಿದ್ದರೆ ಮಾತ್ರ ಕಾಯಬೇಡಿ. ರಾತ್ರೋರಾತ್ರಿ ಕೀಲು ಬಿಸಿಯಾಗಿ, ಹೊದಿಕೆ ತಾಕಿದರೂ ನೋಯುವಂತಾದರೆ ಅದು ಯೂರಿಕ್ ಆಮ್ಲದ ಗೌಟ್ ಇರಬಹುದು. ಕೈಬೆರಳ ಕೀಲುಗಳೂ ಬೆಳಿಗ್ಗೆ ಬಿಗಿದುಕೊಂಡಿದ್ದರೆ ಸಂಧಿವಾತದ ಪರೀಕ್ಷೆ ಬೇಕು. ಸಕ್ಕರೆ ಕಾಯಿಲೆಯಿದ್ದು ಗಂಟಿನ ಚರ್ಮ ಒಡೆದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಅಗಲದ ಬೂಟಿನಲ್ಲೂ ನೋವು ನಿಲ್ಲದೆ ಕೆಲಸ ಕೆಟ್ಟರೆ ಶಸ್ತ್ರಚಿಕಿತ್ಸೆಯ ಮಾತು. ಅಂದಕ್ಕಾಗಿ ಮಾಡಿಸುವಂಥದ್ದಲ್ಲ. ಮೂಳೆತಜ್ಞರು ನಿಂತ ಭಂಗಿಯಲ್ಲೇ ಎಕ್ಸ್‌ರೇ ತೆಗೆಸುತ್ತಾರೆ. ವಾಲು 15 ಡಿಗ್ರಿ ದಾಟಿದರೆ ಅಸಹಜ, 40 ದಾಟಿದರೆ ತೀವ್ರ. ಮೂಳೆಯನ್ನು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕುತ್ತಾರೆ. ಬರಿಯ ಗಂಟನ್ನು ಕೆತ್ತಿ ಬಿಟ್ಟರೆ ವಾಲು ಹಾಗೇ ಉಳಿಯುತ್ತದೆ. ಸರಿಯಾಗಿ ಮಾಡಿದರೂ ಕೆಲವರಿಗೆ ವರ್ಷಗಳ ನಂತರ ಮರುಕಳಿಸುವುದುಂಟು. ಮೂಳೆ ಕೂಡಲು ಸುಮಾರು ಆರು ವಾರ, ಊತ ಇಳಿಯಲು ತಿಂಗಳುಗಳೇ ಬೇಕು. ನರಸಿಂಹರಾಜಪುರದ ಕಡೆಯವರು ಶಿವಮೊಗ್ಗಕ್ಕೆ, ನೀವು ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗುವುದಾದರೂ ಕಾಲ ನೋಡಿ ಹೋಗಿ. ಪಾಚಿಗಟ್ಟಿದ ಅಂಗಳದಲ್ಲಿ ಬ್ಯಾಂಡೇಜು ಒಣಗಿಟ್ಟುಕೊಳ್ಳುವುದು ಆಗದ ಮಾತು. ಕೊಯ್ಲು ಮುಗಿದ ಫೆಬ್ರುವರಿ ವಾಸಿ. ಊತ ಪೂರ್ತಿ ಇಳಿಯದಿದ್ದರೆ ಆ ವರ್ಷದ ಮಳೆಗಾಲಕ್ಕೆ ಒಂದು ಅಳತೆ ದೊಡ್ಡ ಗಂಬೂಟು ಬೇಕಾಗಬಹುದು.