ಕೆರೆ ದಂಡೆಯ ಫೋಟೊಗಳಲ್ಲಿ ಮುಖ ಏಕೆ ಕಪ್ಪು?

ಮೊಬೈಲ್ ಕೆಟ್ಟಿಲ್ಲ ಮೇಡಂ, ನೀವು ನಿಲ್ಲುವ ಜಾಗದ್ದೇ ತೊಂದರೆ. ಸಂಜೆ ಕುಕ್ಕರಹಳ್ಳಿ ಕೆರೆಯಲ್ಲಿ ಸೂರ್ಯ ಮಕ್ಕಳ ಬೆನ್ನಿಗಿದ್ದರೆ, ನೀರಿನ ಹೊಳಪು ಕಂಡು ಕ್ಯಾಮೆರಾ ಬೆಳಕನ್ನು ತಾನೇ ತಗ್ಗಿಸಿಬಿಡುತ್ತದೆ. ನೀವೇ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಆಗದಿದ್ದರೆ ಪರದೆಯಲ್ಲಿ ಮಗುವಿನ ಕೆನ್ನೆಯ ಮೇಲೆ ಬೆರಳೊತ್ತಿ. ಪಕ್ಕದಲ್ಲೇ ಮೂಡುವ ಪುಟ್ಟ ಸೂರ್ಯನ ಗುರುತನ್ನು ಬೆಳಕು ಹೆಚ್ಚುವ ಕಡೆಗೆ ತುಸು ಎಳೆಯಿರಿ. ಆಕಾಶ ಬಿಳುಚಿಕೊಂಡರೂ ಚಿಂತೆಯಿಲ್ಲ.

ಮಳೆಗಾಲವೆಂದು ಫೋನ್ ಒಳಗಿಡಬೇಡಿ. ಮೋಡ ಕವಿದಾಗ ಮುಖದ ಮೇಲೆ ಗಡುಸು ನೆರಳು ಬೀಳುವುದಿಲ್ಲ, ಎಲೆಗಳ ಹಸಿರೂ ಚೆನ್ನಾಗಿ ಬರುತ್ತದೆ. ಚಳಿಗಾಲದ ಮಂಜಿಗೆ ಮಾತ್ರ ಬೆಳಗ್ಗೆ ಬೇಗ ಏಳಬೇಕು, ಬೇರೆ ದಾರಿಯಿಲ್ಲ!

ದೂರದ ಹೆಜ್ಜಾರ್ಲೆಗೆ ಝೂಮ್ ಎಳೆದರೆ ಸಿಗುವುದು ಮಸುಕು ಚುಕ್ಕಿ. ಅದನ್ನು ಬೆರಳು ಮಾಡಿ ತೋರಿಸುವ ಮಗನನ್ನೇ ತೆಗೆಯಿರಿ. ಚೆಂದ ಬಂದ ನಾಲ್ಕನ್ನಾದರೂ ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಡಿ.